ರೇಡಿಯೇಟರ್ ಆರುವ ತನಕ

ಗಬ್ಬೂರ ಬೈಪಾಸಿನ ಪಕ್ಕದಲ್ಲಿ ಲಾರಿ ರಿಪೇರಿ ಮಾಡುವ ಮಕ್ತುಮಸಾಬನಿಗೆ ಸುಮ್ಮನೆ ಕೂತವರನ್ನು ಕಂಡರೇ ಆಗುತ್ತಿರಲಿಲ್ಲ. ಅಂಥವನಿಗೆ, ದಿನಕ್ಕೆರಡು ಸಲ ಸುಮ್ಮನೆ ಕೂತುಕೋ ಎಂದು ಡಾಕ್ಟರೇ ಹೇಳಿದರೆ ಮೈ ಉರಿಯದೆ ಇರುತ್ತದೆಯೇ?

ಎರಡೂ ಕಣ್ಣಿಗೆ ಪೊರೆ ಬಂದು ನಟ್ಟು ಬೋಲ್ಟುಗಳನ್ನು ತಡವಿ ಗುರುತು ಹಿಡಿಯುವ ಗತಿ ಅವನದಾಗಿತ್ತು. ಆಪರೇಷನ್ ಆಗದಿದ್ದರೆ ಗ್ಯಾರೇಜಿಗೆ ಬೀಗವೇ ಗತಿ. ಆದರೆ ಬಿ.ಪಿ. ಇಳಿದಿಲ್ಲವೆಂದು ಆಸ್ಪತ್ರೆಯವರು ಎರಡು ಸಲ ವಾಪಸ್ ಕಳಿಸಿದ್ದರು. ಗುಳಿಗೆ ನುಂಗಿದ, ಉಪ್ಪಿನಕಾಯಿ ಬಿಟ್ಟ, ಆದರೂ ಇಳಿಯಲೊಲ್ಲದು.

"ಗುಳಿಗಿ ಜೋಡಿ ನೀವೂ ಒಂಚೂರು ಕೈ ಹಚ್ಚಬೇಕ್ರಿ," ಎಂದಿದ್ದರು ಡಾಕ್ಟರು. "ಹತ್ತು ನಿಮಿಷ ಕಣ್ಣು ಮುಚ್ಚಿ ಮೆಲ್ಲಕ ಉಸಿರು ಎಳದು ಬಿಡ್ರಿ. ಹೆಗಲು, ದವಡಿ ಸಡ್ಲ ಬಿಡ್ರಿ. ಸಿಟ್ಟೂ ಇಳೀತದ, ನಿದ್ದೀನೂ ಬರ್ತದ."

"ಸಡ್ಲ ಬಿಡಬೇಕಂತ!" ಮನೆಗೆ ಬಂದವನೇ ಹೆಂಡತಿ ತಾಜಬಿಯ ಮುಂದೆ ಸಿಡುಕಿದ. "ನಲವತ್ತು ವರ್ಷದಿಂದ ಸಡ್ಲಾದದ್ದನ್ನ ಬಿಗಿ ಮಾಡಕೋತ ಬಂದೇನಿ. ಈಗ ನನಗ ಉಲ್ಟಾ ಪಾಠ ಹೇಳ್ತಾರ."

ಮಗಳು ಹುಮಾ ಮೊಬೈಲಿನಲ್ಲಿ ಒಂದು ಧ್ವನಿ ಹಚ್ಚಿಕೊಟ್ಟಳು. 'ನಿಮ್ಮ ಹಣೆಯನ್ನು ಸಡಿಲಗೊಳಿಸಿ' ಎಂದು ಅದು ಬೆಣ್ಣೆಯಂತೆ ಹೇಳುವಷ್ಟರಲ್ಲಿ ಬೈಪಾಸಿನಲ್ಲಿ ಒಂದು ಲಾರಿ ಕೆಮ್ಮುತ್ತ ಹೋಯಿತು. ಮಕ್ತುಮಸಾಬ ಫಕ್ಕನೆ ಕಣ್ಣು ತೆರೆದ. "ಡೀಸೆಲ್ ಪಂಪ್ ಹೋಗೇತಿ ಅದರದು!" ದಿನಾಲೂ ಇದೇ ಹಾಡು. ಕಣ್ಣು ಮುಚ್ಚಿದರೆ ಕಿವಿ ಇಮ್ಮಡಿ ಚುರುಕಾಗುತ್ತಿತ್ತು, ಹಲ್ಲು ತಾವಾಗಿಯೇ ಕಚ್ಚಿಕೊಳ್ಳುತ್ತಿದ್ದವು.

ಅವನನ್ನು ಕೂರಿಸಲೆಂದು ಪಕ್ಕದಲ್ಲಿ ಕೂರುತ್ತಿದ್ದ ತಾಜಬಿಗೆ ಮಾತ್ರ ಹದಿನೈದೇ ದಿನಕ್ಕೆ ತಲೆನೋವು ಕಡಿಮೆಯಾಯಿತು, ನಿದ್ದೆ ಹತ್ತಿತು. ಅದನ್ನು ನೋಡಿ ಅವನಿಗೆ ಹೊಟ್ಟೆಕಿಚ್ಚೇ ಬಂತು. "ಬ್ಯಾನಿ ನನಗ, ಗುಣ ನಿನಗ! ಛಲೋ ಆತು ಬಿಡು."

ಆಪರೇಷನ್ನಿಗೆ ಮೂರನೆಯ ಸಲ ಕೊಟ್ಟ ತಾರೀಖಿಗೆ ಹತ್ತು ದಿನವಿದೆ ಎನ್ನುವಾಗ ಅವನ ತಲೆಯಲ್ಲಿ ಗ್ಯಾರೇಜಿನ ಲೆಕ್ಕ ಹೊಳೆಯಿತು. ಮಸಿ ಕಟ್ಟಿದ ಎಂಜಿನ್ನನ್ನು ಏನು ಮಾಡುತ್ತಾರೆ? ಜೋರಾಗಿ ರೇಸ್ ಕೊಡುತ್ತಾರೆ, ಕರಿ ಹೊಗೆಯೆಲ್ಲ ಹೊರಬೀಳುತ್ತದೆ. ಬೆಳಗ್ಗೆ ಗ್ಯಾರೇಜಿನ ಮುಂದೆ ಕೂತು ಭುಸ್ ಭುಸ್ ಎಂದು ಉಸಿರು ದಬ್ಬತೊಡಗಿದ. ಎರಡು ತಿಂಗಳಿಂದ ಕೈಗೂಡದ ಉಸಿರಾಟದ ಬಾಕಿಯನ್ನು ಒಂದೇ ಸಲಕ್ಕೆ ಮುಗಿಸುವ ಹಟ. ಸ್ವಲ್ಪ ಹೊತ್ತಿಗೆ ಬೆರಳು ಜುಮುಜುಮು ಎಂದವು, ತಲೆ ಗಿರ್ರೆಂದಿತು, ಹಳೆಯ ಟಾಯರಿಗೆ ಒರಗಿಬಿಟ್ಟ.

ತಾಜಬಿ ಓಡಿ ಬಂದು ಮುಖಕ್ಕೆ ನೀರು ಚಿಮುಕಿಸಿದಳು. ಉಸಿರು ತಿಳಿಯಾದ ಮೇಲೆ ಅವನ ಬಲಗೈ ಹಿಡಿದು, ಮೊಣಕೈ ಮೇಲಿನ ಸುಟ್ಟ ಕಲೆಯ ಮೇಲೆ ಬೆರಳಿಟ್ಟಳು. ಮದುವೆಯಾದ ವರ್ಷ ಕಾದ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿ ಕುದಿನೀರು ಚಿಮ್ಮಿ ಆದದ್ದು ಅದು. ಅವಳೇ ತಿಂಗಳಾನುಗಟ್ಟಲೆ ಮುಲಾಮು ಹಚ್ಚಿದ್ದಳು.

"ಡ್ರೈವರ್ ಮಂದಿಗೆ ದಿನಾ ಏನಂತ ಬೈತೀರಿ? ಬಿಸಿ ಇದ್ದಾಗ ಮುಚ್ಚಳಾ ಮುಟ್ಟಬ್ಯಾಡ್ರೋ, ಆರೂತನಕ ಬಾಜೂಕ ಕುಂಡರ್ರಿ ಅಂತ ಹೌದಿಲ್ಲೋ? ನಿಮಗ ನೀವ ಯಾವಾಗ ಹೇಳ್ಕೋತೀರಿ?"

ಮಕ್ತುಮಸಾಬನಿಗೆ ಸಿಟ್ಟು ನೆತ್ತಿಗೇರಿತು. ಆದರೆ ತನ್ನ ಮಾತಿಗೆ ತಾನೇ ಎದುರುತ್ತರ ಕೊಡುವುದು ಹೇಗೆ?

ಅಂದಿನಿಂದ ಮೊಬೈಲು ಬಿಟ್ಟ. ಗೊಣಗುತ್ತಲೇ ಕೂತ. ಲಾರಿ ಸದ್ದು ಕೇಳಿದರೆ ಹೋಗಲಿ ಎಂದು ಬಿಟ್ಟು ಮತ್ತೆ ಉಸಿರಿಗೆ ಮರಳಿದ. ಒಂದು ಬೆಳಗ್ಗೆ ಡ್ರೈವರ್ ಸೋಮಪ್ಪ ಹಾರ್ನ್ ಮೇಲೆ ಹಾರ್ನ್ ಹೊಡೆದರೂ ಏಳಲಿಲ್ಲ. "ತಡಿಯೋ, ನಾ ಇನ್ನೂ ಆರಿಲ್ಲ!" ಎಂದು ಕಣ್ಣು ಮುಚ್ಚಿಕೊಂಡೇ ಗದರಿದ.

ಆಸ್ಪತ್ರೆಯಲ್ಲಿ, ಹಿಂದೆ ಎರಡು ಸಲ ವಾಪಸ್ ಕಳಿಸಿದ್ದ ಅದೇ ನರ್ಸ್, ಅದೇ ಬಿ.ಪಿ. ಯಂತ್ರ. ತೋಳಿಗೆ ಪಟ್ಟಿ ಸುತ್ತುವಾಗ ಅವಳ ಕಣ್ಣು ಕಲೆಯ ಮೇಲೆ ಬಿತ್ತು.

"ಇದೇನಾಗಿತ್ರಿ ಕಾಕಾ?"

"ಅವಸರ ಮಾಡಿದ್ದೆ ಯವ್ವಾ," ಎಂದ.

ಪಟ್ಟಿ ಬಿಗಿಯುತ್ತ ಬಂತು. ಅವನು ದವಡೆ ಸಡಿಲ ಬಿಟ್ಟು, ಯಂತ್ರದ ಕಡೆ ನೋಡದೆ, ಕಾದ ಗಾಡಿಯ ಪಕ್ಕ ಕೂತಂತೆ ಕೂತ.

"ನೂರಾ ನಲವತ್ತಕ್ಕ ಇಳದೇತಿ," ಎಂದಳು ನರ್ಸ್. "ನಡೀರಿ ಒಳಗ, ಚಪ್ಪಲಿ ಇಲ್ಲೇ ಬಿಡ್ರಿ."

ಮಕ್ತುಮಸಾಬ ಎದ್ದ. ತಾಜಬಿ ಬಗ್ಗಿ ಅವನ ಚಪ್ಪಲಿಗಳನ್ನು ಎತ್ತಿಟ್ಟುಕೊಂಡಳು.