ನಕ್ಷೆಯಲ್ಲಿ ಹಿಡಿಸದ ಬಾಗಿಲು

ಪುಣೆ ಹತ್ತಿರದ ಭೋಸರಿಯ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ಬಲ್ಲವನೆಂದರೆ ನಾನೊಬ್ಬನೇ. ಇದು ಹೆಮ್ಮೆಯ ಮಾತಲ್ಲ, ಕಾರ್ಖಾನೆಯ ದುರ್ದೈವ. ಕೊಟೇಶನ್ ಬದಲು ಗಿರಾಕಿಯೊಬ್ಬನಿಗೆ ನನ್ನ ಮದುವೆಯ ಬಯೋಡಾಟಾ ಕಳಿಸಿದವನು ನಾನು. ಆತ ಜಾತಕವನ್ನೂ ಕಳಿಸಿ ಅಂದಿದ್ದ.

ಇಂಥವನಿಗೆ ನಮ್ಮ ಮಾಲಕರು, ಬೆಂಕಿ ಬಿದ್ದರೆ ಜನ ಯಾವ ದಾರಿಯಿಂದ ಹೊರಗೆ ಓಡಬೇಕೆಂದು ತೋರಿಸುವ ನಕ್ಷೆ ಮಾಡಲು ಹೇಳಿದರು. ಮುಂದಿನ ವಾರ ಹಾಗೆ ಓಡುವ ತಾಲೀಮು, ಅಂದರೆ ಮಾಕ್ ಡ್ರಿಲ್ ಇತ್ತು. ಆಗಲೇ ಯಾರಾದರೂ ತಡೆಯಬೇಕಿತ್ತು. ಯಾರೂ ತಡೆಯಲಿಲ್ಲ.

"ನಕ್ಷಾ ಬಿಡಸೂ ಸಾಫ್ಟ್‌ವೇರ್ ಎರಡ ನಮೂನಿ ಅದಾವ್ರಿ," ಎಂದೆ. "ಒಂದು ಪುಕ್ಕಟ್ಟೆ. ಇನ್ನೊಂದಕ್ಕ ತಿಂಗಳಾ ತಿಂಗಳಾ ರೊಕ್ಕಾ ಕೊಡಬೇಕ್ರಿ."

"ತಿಂಗಳಾ ತಿಂಗಳಾ?" ಮಾಲಕರು ಕನ್ನಡಕ ತೆಗೆದರು. "ನಕ್ಷಾ ಬಿಡಸ್ತೀಯೋ, ಅದರಾಗ ಬಾಡಗಿ ಇರ್ತೀಯೋ?"

"ಪುಕ್ಕಟ್ಟೆದ್ರಾಗ ಚಿತ್ರ ಇಷ್ಟ ಅಂತ ಮಿತಿ ಅದ್ರಿ. ಬಾಗಿಲಾ ಅಂದ್ರ ಒಂದು ಚಿತ್ರ, ಬಾಣ ಅಂದ್ರ ಒಂದು ಚಿತ್ರ. ಮಿತಿ ಮುಟ್ಟಿದ ಮ್ಯಾಲ ಇನ್ನೊಂದು ಹಾಕಾಕ ಬಿಡಂಗಿಲ್ಲ."

"ನಮ್ದೇನು ಅರಮನಿ ಏನಲೇ? ಪುಕ್ಕಟ್ಟೆದ್ದ ಸಾಕು."

ಬುದ್ಧಿ ಇದ್ದವನು ಬಾಗಿಲುಗಳಿಂದ ಶುರು ಮಾಡುತ್ತಿದ್ದ. ನಾನು ಹೂಕುಂಡದಿಂದ ಶುರು ಮಾಡಿದೆ. ಆಮೇಲೆ ಗೇಟಿನ ಬೇವಿನ ಮರ, ಅದರ ಕೆಳಗೆ ವಾಚ್‌ಮನ್ನನ ನಾಯಿ, ಮಾಲಕರ ಕ್ಯಾಬಿನ್, ಅದರೊಳಗೆ ಸೋಫಾ, ಹೊರಗೆ ಅವರ ಹೊಸ ಬಿಳಿ ಕಾರು. ಕಾರಿಗೆ ನಾಲ್ಕು ಚಕ್ರಗಳನ್ನು ಬೇರೆ ಬೇರೆಯಾಗಿ ಬಿಡಿಸಿದೆ. ಮೇಲಿನಿಂದ ನೋಡಿದರೆ ಚಕ್ರ ಕಾಣುವುದಿಲ್ಲ ಎಂಬುದು ಹೊಳೆಯಲೇ ಇಲ್ಲ.

ಮಿತಿ ಮುಟ್ಟಿದೆ ಎಂದು ಪರದೆ ಹೇಳಿದಾಗ ಒಂದೇ ಒಂದು ಚಿತ್ರ ಬಿಡಿಸುವುದು ಬಾಕಿ ಇತ್ತು: ಮಾಲಿಗೆ ಬಣ್ಣ ಹೊಡೆಯುವ ಪೇಂಟ್ ಶಾಪಿನ ಹಿಂಬಾಗಿಲು. ಕಾರನ್ನು ತೆಗೆಯುವಂತಿರಲಿಲ್ಲ. ಮಾಲಕರು ಆಗಲೇ ಅದನ್ನು ನೋಡಿ, "ಭಾಳ ಛಲೋ ಬಂದದಲೇ!" ಎಂದು ಬೆನ್ನು ತಟ್ಟಿ, ತಮ್ಮ ಕ್ಯಾಬಿನ್ನಿಗೆಂದು ಒಂದು ಪ್ರತಿಗೆ ಗಾಜಿನ ಫ್ರೇಮು ಹಾಕಿಸಲು ಹೇಳಿಬಿಟ್ಟಿದ್ದರು. ಹಿಂಬಾಗಿಲು ಪೇಂಟ್ ಶಾಪಿನವರಿಗೆ ಹೇಗೂ ಗೊತ್ತಲ್ಲ ಎಂದು ಪ್ರಿಂಟ್ ಒತ್ತಿದೆ.

ಗೋಡೆಗೆ ಹಚ್ಚುವಾಗ ಪೇಂಟ್ ಶಾಪಿಗೆ ಹೊಸದಾಗಿ ಬಂದಿದ್ದ ಯಾದಗಿರಿ ಕಡೆಯ ಅಕ್ಕ ಹತ್ತಿರ ಬಂದು ನಿಂತರು. "ತಮ್ಮಾ, ನನಗ ಓದಾಕ ಬರಂಗಿಲ್ಲ. ಬೆಂಕಿ ಹತ್ತಿದ್ರ ಎತ್ತಾಗ ಓಡ್ಲಿ?"

"ಓದೂದು ಬ್ಯಾಡ್ರಿ ಅಕ್ಕಾರ. ಕೆಂಪು ಬಾಣ ಹಿಡಕೊಂಡು ಹೋಗ್ರಿ, ಅಷ್ಟ."

ಅವರು ಬಾಣದ ಮೇಲೆ ಬೆರಳಿಟ್ಟು ಮುಂಬಾಗಿಲ ತನಕ ಎಳೆದರು. ಬೆರಳು, ಕಿಡಿ ತಾಗಿದರೆ ಹೊತ್ತಿಕೊಳ್ಳುವ ಥಿನ್ನರ್ ಡ್ರಮ್ಮುಗಳ ಕೋಣೆಯ ಮುಂದೆ ಹಾದುಹೋಯಿತು. ನಾನೂ ನೋಡಿದೆ. ನನಗೆ ಏನೂ ಅನ್ನಿಸಲಿಲ್ಲ. ಬಾಣದ ತುದಿ ಸ್ವಲ್ಪ ಸೊಟ್ಟಗಾಗಿದೆ ಎಂದಷ್ಟೇ ಬೇಸರವಾಯಿತು.

ಡ್ರಿಲ್ ದಿನ ಸೇಫ್ಟಿಯವರು ಹೊಗೆ ಡಬ್ಬಿಯನ್ನು ಸರಿಯಾಗಿ ಆ ಥಿನ್ನರ್ ಕೋಣೆಯ ಬಾಗಿಲಲ್ಲೇ ಇಟ್ಟರು. ಬೆಂಕಿ ಹುಟ್ಟುವುದಾದರೆ ಅಲ್ಲೇ ಅಂತೆ. ಸೈರನ್ ಕೂಗಿತು. "ಚಲಾ, ಚಲಾ, ಬಾಹೇರ್!" ಹೊರಗೆ ನಡೀರಿ ಎಂದು ಸೂಪರ್‌ವೈಸರ್ ಮರಾಠಿಯಲ್ಲಿ ಕಿರುಚಿದ. ಪೇಂಟ್ ಶಾಪಿನ ಹಳಬರು ಹಿಂಬಾಗಿಲಿನಿಂದ ನಗುತ್ತಾ ಬಯಲಿಗೆ ಬಂದರು. ಅಕ್ಕ ಬರಲಿಲ್ಲ.

"ಹೊಸಾಕಿ ಎಲ್ಲಿ?" ಯಾರೋ ಕೇಳಿದರು. ನಗು ನಿಂತಿತು.

ಮುಂಬಾಗಿಲಿನಿಂದ ದಟ್ಟ ಹೊಗೆ ಹೊರಳುತ್ತಿತ್ತು. ಅದರೊಳಗೆ ಏನೂ ಅಲುಗಾಡಲಿಲ್ಲ. ಸೂಪರ್‌ವೈಸರ್ ಒಳಗೆ ನುಗ್ಗಬೇಕೆನ್ನುವಾಗ ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡು, ಗೋಡೆ ತಡವುತ್ತಾ ಹೊರಬಂದು ನೆಲಕ್ಕೆ ಕೂತರು. ತುಂಬಾ ಹೊತ್ತು ಕೆಮ್ಮಿದರು.

"ನಿನ್ನ ಬಾಣ ಹೊಗಿಯೊಳಗ ಹೋಗಿತ್ತು ತಮ್ಮಾ," ಎಂದರು. "ಅದಕ್ಕ ನಾನೂ ಹೋದೆ."

ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಮಾಲಕರು ನನ್ನನ್ನು ಪಕ್ಕಕ್ಕೆ ಕರೆದರು. ನಕ್ಷೆಯಲ್ಲಿ ಹಿಂಬಾಗಿಲು ಯಾಕಿಲ್ಲವೆಂದು ನಾನು ಹೇಳಿ, "ರೊಕ್ಕದ ಸಾಫ್ಟ್‌ವೇರ್ ತಗೊಂಡು ಬಿಡೋಣ್ರಿ," ಎಂದೆ.

ಅವರು ಹೊರಗೆ ನಿಂತಿದ್ದ ಬಿಳಿ ಕಾರಿನ ಕಡೆ ನೋಡಿದರು. "ನನ್ನ ಗಾಡಿ ತಗದ್ರ ಆ ಬಾಗಿಲಾ ಹಿಡಸ್ತದೇನು?"

"ಹಿಡಸ್ತದ್ರಿ. ಒಂದು ಚಕ್ರ ತಗದ್ರೂ ಹಿಡಸ್ತದ್ರಿ."

"ಹಂಗಾರ ತಗಿ," ಎಂದು ತಲೆ ತಗ್ಗಿಸಿ ಹೋದರು.

ಅವತ್ತೇ ಕಾರು, ನಾಯಿ, ಸೋಫಾ ಎಲ್ಲ ಅಳಿಸಿ, ಹಿಂಬಾಗಿಲು ಬಿಡಿಸಿ, ಪೇಂಟ್ ಶಾಪಿನ ಬಾಣವನ್ನು ಅತ್ತ ತಿರುಗಿಸಿದೆ. ಮರುದಿನ ಹೊಸ ನಕ್ಷೆ ಹಚ್ಚಿದಾಗ ಅಕ್ಕ ಅದರ ಕಡೆ ನೋಡಲಿಲ್ಲ. ನೆಟ್ಟಗೆ ಹೋಗಿ ಹಿಂಬಾಗಿಲನ್ನು ಕೈಯಾರೆ ದೂಡಿದರು. ಬೆಳಕು ಒಳಗೆ ಬಿತ್ತು. ಮತ್ತೆ ಮುಚ್ಚಿದರು, ಮತ್ತೆ ದೂಡಿದರು. ಆಮೇಲೆ ಕೇಳಿದರು, "ಆ ಹಳೀ ಕಾಗದ ಎಲ್ಲಾ ತಗದೀ ಹೌದಲ್ಲ?"

"ಎಲ್ಲಾ ತಗದೇನ್ರಿ ಅಕ್ಕಾರ."

ಹಾಗೆನ್ನುವಾಗಲೇ ಮಾಲಕರ ಕ್ಯಾಬಿನ್ ನೆನಪಾಯಿತು. ಓಡಿದೆ. ಗಾಜಿನ ಫ್ರೇಮಿನಲ್ಲಿ ಬಿಳಿ ಕಾರು ನಾಲ್ಕೂ ಚಕ್ರ ಚಾಚಿಕೊಂಡು ಮಿಂಚುತ್ತಿತ್ತು. ಪೇಂಟ್ ಶಾಪಿಗೆಂದು ಅಂದು ಬೆಳಿಗ್ಗೆ ಬಂದ ಇಬ್ಬರು ಹೊಸಬರನ್ನು ಅದರ ಕೆಳಗೆ ಕೂರಿಸಿದ್ದರು. ಅವರಲ್ಲೊಬ್ಬ ಎದ್ದು ನಿಂತು, ಗಾಜಿನ ಮೇಲೆ ಬೆರಳಿಟ್ಟು, ಕೆಂಪು ಬಾಣವನ್ನು ನಿಧಾನವಾಗಿ ಹಿಂಬಾಲಿಸುತ್ತಿದ್ದ.