ಓನರ್ ಆಂಟಿ ಒಂದೇ ಸಲ ಹೇಳಿದ ಬೆಲೆ

ನಲವತ್ತೆರಡು ಡಾಲರ್ ಕೊಟ್ಟೆ, ಒಂದು ಒಣಮೀನಿಗೆ. ಅದೂ ಚೌಕಾಸಿ ಮಾಡದೆ.

ಇದು ಎಷ್ಟು ದೊಡ್ಡ ಸುದ್ದಿ ಎನ್ನುವುದನ್ನು ನನ್ನನ್ನು ಬಲ್ಲವರನ್ನೇ ಕೇಳಬೇಕು. ನಾನು ಮೀನು ತಿನ್ನುವವಳಲ್ಲ. ಚಿಕ್ಕಪೇಟೆಯ ಪಾತ್ರೆ ಅಂಗಡಿಯಲ್ಲಿ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತು ಬೆಳೆದವಳು. ಹೇಳಿದ ಬೆಲೆಯನ್ನು ಹೇಳಿದ ಹಾಗೆ ಕೊಟ್ಟು ಯಾವುದನ್ನೂ ಕೊಂಡವಳಲ್ಲ. ಇಲ್ಲಿ ಬ್ರಿಸ್ಬೇನಿನಲ್ಲಿ ಕಾರು ಕೊಂಡಾಗ ಮೂರು ವರ್ಷದ ಸರ್ವೀಸನ್ನು ಪುಕ್ಕಟೆ ಬರೆಸಿಕೊಂಡೇ ಸಹಿ ಹಾಕಿದವಳು. ಆದರೆ ಕಳೆದ ಶನಿವಾರ ಎಯ್ಟ್ ಮೈಲ್ ಪ್ಲೇನ್ಸ್‌ನ ನಮ್ಮ ಮನೆಯಿಂದ ಸ್ವಲ್ಪ ದೂರದ ಅಂಗಡಿಯೊಂದರಲ್ಲಿ ಆಲಿವ್ ಎಣ್ಣೆ ನೋಡುತ್ತ ನಿಂತಿದ್ದಾಗ ಹಿಂದಿನಿಂದ ಆ ವಾಸನೆ ಬಂತು. ಉಪ್ಪು, ಹಳೇ ಗೋಣಿಚೀಲ, ಸಮುದ್ರ... ತಿರುಗಿದರೆ ಹಲಗೆಯಷ್ಟು ಗಟ್ಟಿಯಾದ, ಉಪ್ಪು ಮೆತ್ತಿದ, ಕಾಡ್ ಎಂಬ ಜಾತಿಯ ಮೀನುಗಳು ಸಾಲಾಗಿ ನೇತಾಡುತ್ತಿದ್ದವು. ಬೆಲೆ ಕೇಳಿದೆ, ಕೊಟ್ಟೆ, ಹೊರಗೆ ಬಂದು ಕಾರಿನಲ್ಲಿ ಸುಮ್ಮನೆ ಕೂತುಬಿಟ್ಟೆ.

ಮನೆಗೆ ತಂದಾಗ ನನ್ನ ಗಂಡ ಮೂಗು ಮುಚ್ಚಿಕೊಂಡು, "ಏನೇ ಇದು, ಯಾರದ್ದೋ ಹಳೇ ಬೂಟು ತಂದ್ಬಿಟ್ಯಾ?" ಎಂದ.

"ಮೀನು. ಮುಂದಿನ ವಾರ ಅಡಿಲೇಡ್‌ಗೆ ಹೋಗ್ತೀನಲ್ಲ, ಭಾಬಿಗೆ."

"ಎಷ್ಟು ಹೇಳಿದ್ರು, ಎಷ್ಟಕ್ಕೆ ಇಳಿಸ್ದೆ?"

"ಇಳಿಸ್ಲಿಲ್ಲ."

ಅವನು ನನ್ನ ಹಣೆ ಮುಟ್ಟಿ ನೋಡಿದ.

ಆ ವಾಸನೆ ಪರ್ತ್‌ನ ವಿಲೆಟನ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯದು. ಅಕೌಂಟಿಂಗ್ ಓದಲು ಬಂದ ಹೊಸತು. ಗಣಿಗಳ ದುಡ್ಡು ಪರ್ತ್‌ನಲ್ಲಿ ಇನ್ನೂ ಹರಿಯುತ್ತಿದ್ದ ಕಾಲ; ಬಾಡಿಗೆ ಎಷ್ಟೆಂದು ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಒಂದೇ ಸೈಟಿನಲ್ಲಿ ಮುಂದೊಂದು, ಹಿಂದೊಂದು ಮನೆ. ಮುಂದಿನದರಲ್ಲಿ ಮಾಲೀಕರು, ಅವರ ಮನೆಯ ಒಂದು ಕೋಣೆಯಲ್ಲಿ ನಾನು. ಪೋರ್ಚುಗಲ್‌ಗೆ ಸೇರಿದ ಮದೀರಾ ಎಂಬ ದ್ವೀಪದಿಂದ ಬಂದಿದ್ದ ವಿಧವೆ ಅವರು, ಎಪ್ಪತ್ತು ದಾಟಿತ್ತು. ಬೆಂಗಳೂರಿನ ಅಭ್ಯಾಸದಂತೆ ಓನರ್ ಆಂಟಿ ಎಂದೆ, ಅದೇ ಉಳಿಯಿತು. ಮೊದಲ ದಿನವೇ ವಾರದ ಬಾಡಿಗೆಯಲ್ಲಿ ಇಪ್ಪತ್ತು ಡಾಲರ್ ಇಳಿಸಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ನೀನು ಆಗ ಫ್ರೀಮ್ಯಾಂಟಲ್ ಬಂದರಿನಲ್ಲಿ ಇರಬೇಕಿತ್ತು ಹುಡುಗಿ. ನನ್ನ ಗಂಡ ಹಿಡಿದ ಮೀನನ್ನೆಲ್ಲ ನಿನ್ನ ಕೈಲೇ ಮಾರಿಸ್ತಿದ್ದೆ" ಎಂದಿದ್ದರು. ಆ ನಗು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಈಕೆಯ ಜೊತೆ ಚೌಕಾಸಿ ನಡೆಯುತ್ತದೆ ಎಂದು ನಾನು ಅಂದೇ ತೀರ್ಮಾನಿಸಿಬಿಟ್ಟಿದ್ದೆ.

ಹಿಂದಿನ ಮನೆಯ ಬಾಡಿಗೆದಾರರು ಢಾಕಾದ ಒಂದು ಕುಟುಂಬ, ನನ್ನ ಬಾಯಲ್ಲಿ ಭಾಯಿ ಮತ್ತು ಭಾಬಿ. ಭಾಯಿ ಅಲ್ಲಿ ಸೇತುವೆಗಳ ನಕ್ಷೆ ಮಾಡುತ್ತಿದ್ದ ಇಂಜಿನಿಯರು. ಇಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ಭಾಬಿ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಒಬ್ಬಳೇ ಮಗಳು. ಅವಳಿಗಾಗಿಯೇ ವಿಲೆಟನ್‌ಗೆ ಬಂದಿದ್ದು. ಇಲ್ಲಿನ ಹೈಸ್ಕೂಲಿಗೆ ಹೆಸರಿತ್ತು, ಅದರ ಸರಹದ್ದಿನಲ್ಲಿ ವಾಸವಿದ್ದವರ ಮಕ್ಕಳಿಗೇ ಸೀಟು. ಮಗಳು ಓದು ಮುಗಿಸುವ ತನಕ ಯಾರೂ ಎಬ್ಬಿಸದ ಒಂದು ಸೂರು ಇಲ್ಲಿ ಬೇಕು, ಅಷ್ಟೇ ಅವರ ಆಸೆ. ಭಾಯಿ ನನ್ನನ್ನು 'ಬೋನ್' ಎನ್ನುತ್ತಿದ್ದರು, ಅವರ ಭಾಷೆಯಲ್ಲಿ ತಂಗಿ. ನಮ್ಮ ಮಾತು ಅರ್ಧ ಹಿಂದಿ, ಅರ್ಧ ಇಂಗ್ಲಿಷ್.

ಇಲ್ಲಿಗೆ ಬರುವ ಮೊದಲಿದ್ದ ಬಾಡಿಗೆ ಮನೆಯಿಂದ ಅವರನ್ನು ಬಿಡಿಸಿದ್ದೇ ಒಣಮೀನಿನ ವಾಸನೆಗೆ. ಹಾಗಾಗಿ ಇಲ್ಲಿ ಭಾಬಿ ತಮ್ಮ ಶುಟ್ಕಿ ಮೀನನ್ನು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ ಬೇಯಿಸುತ್ತಿದ್ದರು. ಒಂದು ಶುಕ್ರವಾರ ನಾನು ಅಲ್ಲಿ ಚಹಾ ಕುಡಿಯುತ್ತಿದ್ದಾಗ ಓನರ್ ಆಂಟಿ ಸೀದಾ ಒಳಗೆ ಬಂದುಬಿಟ್ಟರು. ಭಾಬಿಯ ಮುಖ ಬಿಳಚಿಕೊಂಡಿತು. ಆಂಟಿ ಒಲೆಯ ಹತ್ತಿರ ಹೋಗಿ ಮುಚ್ಚಳ ತೆಗೆದು ಮೂಸಿ, "ಇದನ್ನ ಎಷ್ಟು ಹೊತ್ತು ನೆನೆಸ್ತೀಯ?" ಎಂದರು. ಉತ್ತರಕ್ಕೂ ಕಾಯದೆ ಭಾಬಿಯ ಕೈ ಹಿಡಿದು ತಮ್ಮ ಲಾಂಡ್ರಿಗೆ ಎಳೆದುಕೊಂಡು ಹೋದರು. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಒಂದು ಕಾಡ್ ಮೀನು ನೆನೆಯುತ್ತಿತ್ತು. "ಎರಡು ದಿನ. ಮೂರು ಸಲ ನೀರು ಬದಲಿಸ್ಬೇಕು. ಇದು ಮೀನು. ನಿನ್ನದು ಬರೀ ನಾತ."

"ನಿಮ್ಮದು ಬರೀ ಉಪ್ಪು," ಎಂದರು ಭಾಬಿ.

ಆ ಜಗಳ ವರ್ಷಗಟ್ಟಲೆ ನಡೆಯಿತು. ಎರಡನ್ನೂ ತಿನ್ನದ ನಾನೇ ನ್ಯಾಯಾಧೀಶೆ.

ನನ್ನ ಮೊದಲ ಆಘಾತ ಒಂದು ಟಪಾಲಿನಿಂದ ಆದದ್ದು. ಆಂಟಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಊರಿನಲ್ಲೂ ಮೂರು ವರ್ಷ ಮಾತ್ರ ಶಾಲೆ. ಅವರ ಕಾಗದಪತ್ರ ನಾನೇ ಓದಿ ಹೇಳುತ್ತಿದ್ದೆ. ಒಂದು ಸಲ ಮನೆಕಂದಾಯದ ನೋಟೀಸು ಐದು ಬಂದಿದ್ದವು. "ಬೇರೆಯವರದ್ದೂ ನಮ್ಮ ಡಬ್ಬಕ್ಕೆ ಹಾಕಿಬಿಟ್ಟಿದ್ದಾರೆ ಆಂಟಿ" ಎಂದೆ. ಆಂಟಿ ಬೀನ್ಸ್ ಬಿಡಿಸುತ್ತ, ತಲೆ ಎತ್ತದೆ, "ಎಲ್ಲಾ ನನ್ನವೇ" ಎಂದರು.

ಐದು ಮನೆ! ಮೀನಿನ ಶೆಡ್ಡಿನಲ್ಲಿ ಮಂಜುಗಡ್ಡೆಯ ನಡುವೆ ಕೈಯಿಟ್ಟು ಮೀನು ಸೀಳುತ್ತಿದ್ದ ಹೆಂಗಸಿಗೆ ಐದು. ಹಿಂದಿನ ಮನೆಯಲ್ಲಿ ಎರಡು ಡಿಗ್ರಿ ಗೋಡೆಗೆ ನೇತುಹಾಕಿಕೊಂಡ ದಂಪತಿಗೆ ಒಂದೂ ಇಲ್ಲ. ಓದಿದರೆ ಉದ್ಧಾರ, ದುಡಿದರೆ ಉದ್ಧಾರ ಎಂದು ಅಪ್ಪ ಕಲಿಸಿದ್ದ ಲೆಕ್ಕ ಅಲ್ಲೇ ಕೈಕೊಟ್ಟಿತು.

ಹೇಗೆ ಎಂದು ಬಿಡದೆ ಕೇಳಿದೆ. ಆಂಟಿ ಹೇಳಿದ್ದು ಇಷ್ಟು. ಹಡಗಿನಲ್ಲಿ ಬಂದಾಗ ಅವರ ಬಳಿ ಎರಡು ಪೆಟ್ಟಿಗೆ. ಗಂಡ ಮೊದಲು ಮೀನುದೋಣಿ, ಆಮೇಲೆ ಕಾಂಕ್ರೀಟ್ ಕೆಲಸ. ಆಗ ಈ ಕಡೆಯೆಲ್ಲ ಪೊದೆ, ಮರಳು. ಕೂಲಿಯವನ ನಾಲ್ಕಾರು ವರ್ಷದ ದುಡಿಮೆಗೆ ಸೈಟು ಸಿಗುತ್ತಿತ್ತು. ಭಾನುವಾರ ಬಂತೆಂದರೆ ದ್ವೀಪದ ಗಂಡಸರೆಲ್ಲ ಸೇರಿ ಒಬ್ಬನ ಮನೆಗೆ ತಳಪಾಯ ಹಾಕುವುದು, ಮುಂದಿನ ಭಾನುವಾರ ಇನ್ನೊಬ್ಬನದು. ನಮ್ಮ ಕಡೆಯ ಮುಯ್ಯಾಳು, ಥೇಟ್ ಅದೇ. ಇನ್ನು ಅವರ ಮೊಟ್ಟಮೊದಲ ಮನೆಯನ್ನು ದೋಣಿಯ ಮಾಲೀಕನೊಬ್ಬ ಬಡ್ಡಿಯಿಲ್ಲದೆ, ನಿಧಾನಕ್ಕೆ ಕೊಡು ಎಂದು ಬರೀ ಮಾತಿನ ಮೇಲೆ ಕೊಟ್ಟಿದ್ದನಂತೆ.

ಭಾಯಿ ಬಂದದ್ದು ಅದಾಗಿ ನಾಲ್ಕು ದಶಕ ಕಳೆದ ಮೇಲೆ. ಪೊದೆಯಿದ್ದಲ್ಲಿ ಹೈಸ್ಕೂಲು ಬಂದಿತ್ತು, ಅದರ ಹೆಸರಿಗೇ ಬೆಲೆ ಏರಿತ್ತು. ಅವರ ಡಿಗ್ರಿಯನ್ನು ಇಲ್ಲಿ ಒಪ್ಪಿಸಲು ಪರೀಕ್ಷೆ, ಪರೀಕ್ಷೆಗೆ ಫೀಸು. ಅಷ್ಟರಲ್ಲಿ ಗಣಿ ಕೆಲಸಗಳು ಕುಸಿದು, ಇಲ್ಲಿ ಓದಿದ ಇಂಜಿನಿಯರುಗಳೇ ಮನೆಯಲ್ಲಿ ಕೂತರು. ಗಳಿಸಿದ್ದರಲ್ಲಿ ಒಂದು ಪಾಲು ಢಾಕಾಗೆ. ಧರ್ಮಕ್ಕೆ ಒಗ್ಗದು ಎಂದು ಬಡ್ಡಿಯ ಸಾಲ ಮುಟ್ಟುತ್ತಿರಲಿಲ್ಲ, ಹಾಗಾಗಿ ಬ್ಯಾಂಕಿನ ಬಾಗಿಲೂ ಇಲ್ಲ. ಆಂಟಿ ನನ್ನನ್ನು ಒಮ್ಮೆ ತಮ್ಮವರ ಕ್ಲಬ್ಬಿನ ಊಟಕ್ಕೆ ಕರೆದುಕೊಂಡು ಹೋಗಿದ್ದರು. ಭಾಯಿ ಈದ್ ದಿನ ಬಾಡಿಗೆ ಹಾಲ್‌ಗೆ. ಅಲ್ಲಿ ಒರಟು ಬೆರಳಿನ ಮುದುಕರು, ಸೊಂಟದಲ್ಲಿ ಕೀಲಿಗೊಂಚಲು, ಮನೆಗಳ ಮಾತು. ಇಲ್ಲಿ ಇಸ್ತ್ರಿ ಮಾಡಿದ ಕುರ್ತಾ ತೊಟ್ಟ ಡಾಕ್ಟರು, ಲೆಕ್ಚರರು. ಅರ್ಧದಷ್ಟು ಜನ ಟ್ಯಾಕ್ಸಿಯನ್ನು ಹೊರಗೆ ನಿಲ್ಲಿಸಿ ಬಂದವರು, ಪರೀಕ್ಷೆಗಳ ಮಾತು. ಇವರು ಅವರಿಗಿಂತ ಸೋಮಾರಿಗಳೆಂದು ಯಾರಾದರೂ ಹೇಳಲಿ ನೋಡೋಣ.

ಹಾಗಂತ ಆಂಟಿಯ ಮನೆಗಳು ಪುಕ್ಕಟೆ ಬಂದವಲ್ಲ. ಗಂಡನ ಬೆನ್ನುಮೂಳೆ ಐವತ್ತಕ್ಕೇ ಹೋಯಿತು. ಮಗನನ್ನು ಹದಿನೈದಕ್ಕೆ ಶಾಲೆ ಬಿಡಿಸಿ ಸಿಮೆಂಟು ಹೊರಿಸಿದ್ದರು. ಭಾಯಿಯ ಗೋಡೆಯ ಮೇಲಿನ ಡಿಗ್ರಿಯ ಗಾಜನ್ನು ಆಂಟಿ ತಮ್ಮ ಸೊಟ್ಟ ಬೆರಳಿನಿಂದ ಸವರಿದ್ದನ್ನು ನಾನು ನೋಡಿದ್ದೇನೆ... ದೇವರ ಪಟ ಮುಟ್ಟಿದ ಹಾಗೆ.

ಭಾಯಿಯ ಮಗಳು ಹೈಸ್ಕೂಲು ಸೇರಲು ಒಂದು ವರ್ಷ ಇರುವಾಗ, ಒಂದು ಭಾನುವಾರ ಮಧ್ಯಾಹ್ನ, ಆಂಟಿ ಕೇಕ್ ಹಿಡಿದು ಹಿಂದಿನ ಮನೆಗೆ ಬಂದರು. ಕಾಕಂಬಿ ಹಾಕಿದ ಕಪ್ಪು ಕೇಕ್, ಅವರ ದ್ವೀಪದ್ದು. ಅದಕ್ಕೆ ಚಾಕು ತಾಗಿಸುವಂತಿಲ್ಲ, ಕೈಯಲ್ಲೇ ಮುರಿಯಬೇಕು. "ಹಂದಿಕೊಬ್ಬು ಹಾಕಿಲ್ಲ, ವೈನ್ ಹಾಕಿಲ್ಲ. ಬರೀ ಬೆಣ್ಣೆ. ಎಲ್ಲರೂ ತಿನ್ನಬಹುದು" ಎಂದು ಮುರಿದು ದೊಡ್ಡ ತುಂಡನ್ನು ಭಾಯಿಯ ಮುಂದಿಟ್ಟರು. ಆಮೇಲೆ ಹೇಳಿದರು: "ಈ ಮನೆ ಮಾರ್ತಿದೀನಿ. ನಿನಗೆ. ಮೂರು ಲಕ್ಷ ತೊಂಬತ್ತು ಸಾವಿರ. ಕೈಲಿದ್ದಷ್ಟು ಈಗ ಕೊಡು, ಉಳಿದದ್ದು ಹತ್ತು ವರ್ಷ, ಬಾಡಿಗೆ ಕೊಟ್ಟ ಹಾಗೆ. ಬಡ್ಡಿ ಇಲ್ಲ. ಲಾಯರ್ ಹತ್ರ ಬರೆಸೋಣ."

ಭಾಬಿ ದುಪಟ್ಟಾ ಬಾಯಿಗೊತ್ತಿಕೊಂಡರು. ಅದೇ ಬೀದಿಯ ಅಂಥದೇ ಮನೆ ನಾಲ್ಕು ಲಕ್ಷ ಎಪ್ಪತ್ತು ಸಾವಿರಕ್ಕೆ ಹೋಗಿದ್ದು ನನಗೆ ಗೊತ್ತಿತ್ತು. ಆದರೂ ನನ್ನೊಳಗಿನ ಚಿಕ್ಕಪೇಟೆ ಸುಮ್ಮನಿರಲಿಲ್ಲ. ಮೊದಲ ಬೆಲೆಗೆ ಒಪ್ಪುವವನು ದಡ್ಡ... ಮೇಜಿನ ಕೆಳಗೆ ಭಾಯಿಯ ಕಾಲನ್ನು ಒತ್ತಿ ನಾನೇ ಬಾಯಿ ಹಾಕಿದೆ.

"ಆಂಟಿ, ಬಾತ್‌ರೂಮ್ ಹಳೇದು. ಸೂರು ಸೋರುತ್ತೆ. ಮೂರೂ ಅರವತ್ತು ಮಾಡ್ಕೊಳ್ಳಿ, ಈಗ್ಲೇ ಮುಗಿಸ್ಬಿಡೋಣ."

ಆಂಟಿ ನನ್ನನ್ನು ನೋಡಲಿಲ್ಲ. ಭಾಯಿಯನ್ನು ಕೇಳಿದರು: "ಇವಳು ನಿನ್ನ ಪರವಾಗಿ ಮಾತಾಡ್ತಿದಾಳಾ?"

ಭಾಯಿ ನನ್ನನ್ನು ನೋಡಿದರು, ಕೇಕನ್ನು ನೋಡಿದರು. "ನನ್ನ ತಂಗಿ ಅವಳು" ಎಂದರು.

ಆಂಟಿ ಮೇಜಿನ ಮೇಲಿನ ಪುಡಿಯನ್ನು ಅಂಗೈಗೆ ಗುಡಿಸಿಕೊಂಡು ಎದ್ದರು. "ಕೇಕ್ ತಿನ್ನಿ" ಎಂದು ಹೊರಟರು. ನಾನು ಭಾಬಿಗೆ ಕಣ್ಣು ಹೊಡೆದು, "ನೋಡ್ತಿರಿ, ನಾಳೆ ಮೂರೂ ಎಪ್ಪತ್ತೈದಕ್ಕೆ ಬರ್ತಾರೆ" ಎಂದೆ. ಹೌದು, ಹಾಗೇ ಎಂದೆ.

ಗುರುವಾರ ಕಾಲೇಜಿನಿಂದ ಬಂದರೆ ಹುಲ್ಲಿನ ಮೇಲೆ ಏಜೆಂಟನ 'ಮಾರಾಟಕ್ಕಿದೆ' ಬೋರ್ಡು. ಒಳಗೆ ಓಡಿದೆ. "ಆಂಟಿ, ನೀವು ಹೇಳಿದಷ್ಟೇ ಕೊಡ್ತಾರೆ. ತಪ್ಪು ನನ್ನದು."

"ಬೋರ್ಡು ಹಾಕಿಸಿಯಾಯ್ತು" ಎಂದರು. ಸೂಪಿನ ಪಾತ್ರೆಯನ್ನು ಒಲೆಗಿಟ್ಟು, "ನನ್ನ ಮಗ ಹೇಳಿದ್ದ. ಎಷ್ಟು ಕಮ್ಮಿ ಹೇಳಿದ್ರೂ ಅವರು ಇನ್ನೂ ಕಮ್ಮಿ ಕೇಳ್ತಾರಮ್ಮ ಅಂತ. ಇಲ್ಲ, ನಾನು ಅವರನ್ನ ಬಲ್ಲೆ ಅಂತ ಜಗಳ ಆಡಿದ್ದೆ. ನಾನು ಗಿರಾಕಿಗೆ ಬೆಲೆ ಹೇಳಿರಲಿಲ್ಲ, ಹುಡುಗಿ" ಎಂದರು. ಆಮೇಲೆ ನನಗೆ ಒಂದು ಬಟ್ಟಲು ಸೂಪು ಬಡಿಸಿಕೊಟ್ಟರು. ಬೈದಿದ್ದರೆ ಸುಲಭವಾಗುತ್ತಿತ್ತು.

ಮನೆ ನಾಲ್ಕು ಲಕ್ಷ ಅರವತ್ತೈದು ಸಾವಿರಕ್ಕೆ ಹೋಯಿತು. ಕೊಂಡವರು ತಾವೇ ವಾಸಕ್ಕೆ ಬಂದರು. ವಿಲೆಟನ್‌ನಲ್ಲಿ ಕೈಗೆಟುಕುವ ಬಾಡಿಗೆ ಮನೆ ಸಿಗದೆ ಭಾಯಿ ಅಡಿಲೇಡ್‌ನ ಸ್ಯಾಲಿಸ್‌ಬರಿಗೆ ಹೊರಟರು. ಅಲ್ಲಿ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿತ್ತು. ಮಗಳು ಆ ಹೈಸ್ಕೂಲಿನ ಮೆಟ್ಟಿಲು ಹತ್ತಲಿಲ್ಲ.

ಎರಡು ವರ್ಷದ ನಂತರ ನಾನು ಬ್ರಿಸ್ಬೇನಿಗೆ ಬಂದು ಕೆಲಸ ಹಿಡಿದ ಮೇಲೆ ಅವರನ್ನು ನೋಡಲು ಹೋದೆ. ಭಾಬಿ ನನಗಾಗಿ ಬೇಳೆ ಖಿಚಡಿ ಮಾಡಿದ್ದರು. ಬಡಿಸುತ್ತಾ ಬಡಿಸುತ್ತಾ ಅಂದುಬಿಟ್ಟರು: "ನಿಂಗೆ ಗೊತ್ತಿಲ್ಲ ಅಲ್ವಾ? ಮಾರನೇ ದಿನ ಆಂಟಿ ಮತ್ತೆ ಬಂದಿದ್ರು. 'ಅವಳು ತಾನಾಗೇ ಮಾತಾಡಿದ್ಲು, ನಾನು ಹೇಳಿಸಿದ್ದಲ್ಲ ಅಂತ ಒಂದು ಮಾತು ಹೇಳು ಸಾಕು, ನನ್ನ ಬೆಲೆ ಹಾಗೇ ಇದೆ' ಅಂದ್ರು. ನಿನ್ನ ಭಾಯಿ ಹೇಳ್ಲಿಲ್ಲ."

ನಾನು ತಟ್ಟೆ ಸರಿಸಿದೆ. "ಯಾಕೆ?"

"ಹೇಳಿದ್ರೆ ನಿನ್ನನ್ನ ಕೋಣೆ ಬಿಡಿಸ್ತಾರೆ ಅಂತ. ಪರೀಕ್ಷೆ ಇತ್ತಲ್ಲ ನಿಂಗೆ. ತಂಗಿ ಅಂದ್ಮೇಲೆ ಮುಗೀತಂತೆ. ಮೂರ್ಖ ಕಣೇ ನಿನ್ನ ಭಾಯಿ, ಮೂರ್ಖ." ಸೌಟನ್ನು ಪಾತ್ರೆಗೆ ಸ್ವಲ್ಪ ಜೋರಾಗಿಯೇ ಬಡಿದರು.

ಭಾಯಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸುತ್ತ, "ಊಟ ಮಾಡು ಬೋನ್, ಆರಿಹೋಗುತ್ತೆ" ಎಂದರು.

ಈ ವರ್ಷದ ಮೊದಲಲ್ಲಿ ಭಾಯಿಯೇ ಫೋನ್ ಮಾಡಿ ಹೇಳಿದ್ದು, ಓನರ್ ಆಂಟಿ ಹೋಗಿಬಿಟ್ಟರೆಂದು. ಪ್ರತಿ ಈದ್‌ಗೆ, ಪ್ರತಿ ಕ್ರಿಸ್‌ಮಸ್‌ಗೆ ಆಂಟಿ ಮತ್ತು ಭಾಬಿ ಫೋನಿನಲ್ಲಿ ಮೀನಿನ ಜಗಳ ಆಡುತ್ತಲೇ ಇದ್ದರಂತೆ. ಕೊನೆಯ ಸಲವೂ ಆಂಟಿ ನನ್ನ ಬಗ್ಗೆ ಕೇಳಿದ್ದರಂತೆ. ಇಷ್ಟು ವರ್ಷದಲ್ಲಿ ಒಂದು ಫೋನ್ ಕೂಡ ಮಾಡದವಳು ನಾನೊಬ್ಬಳೇ. ಭಾಯಿಯದು ಇಂದಿಗೂ ಬಾಡಿಗೆ ಮನೆ. ನಮ್ಮದು ಸ್ವಂತದ್ದು, ಬೆಲೆ ಇಳಿಸಿ ಕೊಂಡದ್ದು. ಆ ಮಾತು ಈಗ ನಾಲಗೆಗೆ ಸರಾಗವಾಗಿ ಬರುವುದಿಲ್ಲ.

ಹೊಸದಾಗಿ ಈ ದೇಶಕ್ಕೆ ಬಂದಿರುವವರಿಗೆ, ಬೇಡವೆಂದರೂ, ನಾಲ್ಕು ಮಾತು. ಕಾರಿಗೆ, ಸೋಫಾಗೆ, ಫೋನ್ ಪ್ಲಾನಿಗೆ ಧಾರಾಳವಾಗಿ ಚೌಕಾಸಿ ಮಾಡಿ. ನಾಚಿಕೊಂಡರೆ ನಿಮಗೇ ನಷ್ಟ. ಏಜೆಂಟ್ ಹೇಳುವ ಮೊದಲ ಬೆಲೆಯನ್ನು ಎಂದೂ ನಂಬಬೇಡಿ. ಯಾರ ಹತ್ತಿರ ಎಷ್ಟು ಮನೆ ಇದೆ ಎಂದು ನೋಡಿ ಅವರ ಬುದ್ಧಿ, ಬೆವರು ಅಳೆಯಲು ಹೋಗಬೇಡಿ. ಯಾವ ವರ್ಷ ಬಂದಿಳಿದರು ಎಂದು ಮೊದಲು ಕೇಳಿ. ಇನ್ನೊಬ್ಬರ ಪರವಾಗಿ ಬೆಲೆ ಮಾತಾಡುವ ಮುಂಚೆ ಅವರನ್ನು ಹೊರಗೆ ಕರೆದು, ಮಾತಾಡಲಾ ಎಂದು ಕೇಳಿಕೊಳ್ಳಿ. ಮತ್ತೆ, ಯಾರಾದರೂ ನಿಮಗೆಂದೇ ಬೆಣ್ಣೆಯಲ್ಲಿ ಮಾಡಿದ ಕೇಕನ್ನು ಕೈಯಾರೆ ಮುರಿದುಕೊಟ್ಟು ಬೆಲೆ ಹೇಳಿದರೆ, ಮೊದಲು ಕೇಕನ್ನು ಬಾಯಿಗೆ ಹಾಕಿಕೊಳ್ಳಿ. ಬಾಯಿ ತುಂಬಿದ್ದಾಗ ಮಾತು ಬರುವುದಿಲ್ಲ.

ನನ್ನ ಪಾಲಿನ ತುಂಡು ಅಂದು ತಟ್ಟೆಯಲ್ಲೇ ಉಳಿದಿತ್ತು.