ಎಡೆಗೆ ಏನಿಡುವುದು

ನನ್ನ ಗಂಡ ತೀರಿಕೊಂಡು ವರ್ಷವಾಗುವ ಹೊತ್ತಿಗೆ ಅವರ ಅಕ್ಕ ವಿಜಯಪುರದಿಂದ ಹೈದರಾಬಾದಿಗೆ ಬಂದರು. ವರ್ಷದ ದಿನ ಫೋಟೋದ ಮುಂದೆ ಬಾಳೆಎಲೆ ಹಾಕಿ, ಹೋದವರಿಗೆ ಸೇರುತ್ತಿದ್ದ ಅಡುಗೆಯನ್ನು ಎಡೆ ಇಡುವುದು ನಮ್ಮ ಪದ್ಧತಿ. ಇಟ್ಟ ಮೇಲೆ, ಹೋದವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಹೋಗಿ ಅದನ್ನೇ ಹಂಚಿಕೊಂಡು ಉಣ್ಣುತ್ತೇವೆ.

“ಅವಗ ಏನ್ ಭಾಳ ಸೇರ್ತಿತ್ತವಾ?” ಬಂದ ಸಂಜೆಯೇ ಅಕ್ಕ ಕೇಳಿದರು.

“ಎಲ್ಲಾನೂ ಸೇರ್ತಿತ್ರಿ ಅಕ್ಕಾ.”

“ಎಲ್ಲಾ ಅಂದ್ರ ಏನೂ ಇಲ್ಲ ಅಂದಂಗ. ಇಷ್ಟ್ ವರ್ಷ ಬಾಳೇ ಮಾಡಿ ಒಂದ್ ಹೆಸರ ಹೇಳಾಕ ಬರೂದಿಲ್ಲೇನು?”

ನಗುತ್ತಲೇ ಕೇಳಿದರು. ನಾನು ಚಹಾಕ್ಕೆ ನೀರಿಡುವ ನೆಪದಲ್ಲಿ ಒಳಗೆ ಹೋದೆ. ಅವರಿಗೆ ಯಾವುದು ಹೆಚ್ಚು ಸೇರುತ್ತಿತ್ತೆಂದು ನನಗೇ ಗೊತ್ತಿರಲಿಲ್ಲ.

ನನ್ನ ಗಂಡ ಇಲ್ಲಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ರೊಟ್ಟಿ, ಪಲ್ಯ, ಯಾವಾಗಲಾದರೂ ಮಟನ್. ಸಂಬಳವಾದ ಮೇಲಿನ ಭಾನುವಾರ ಮಾತ್ರ ಸ್ಕೂಟರ್ ತೆಗೆದು, ನಾವಿಬ್ಬರೂ ಎಂದೂ ತಿನ್ನದ ಏನಾದರೊಂದನ್ನು ಹುಡುಕಿಕೊಂಡು ಹೊರಡುತ್ತಿದ್ದರು. ಒಮ್ಮೆ ತಿಂದದ್ದನ್ನು, ಎಷ್ಟೇ ಚೆನ್ನಾಗಿದ್ದರೂ, ಮತ್ತೆ ತರಿಸುತ್ತಿರಲಿಲ್ಲ. ಅಬಿಡ್ಸ್ ಹತ್ತಿರದ ಗಲ್ಲಿಯೊಂದರಲ್ಲಿ ಆಡಿನ ಮೆದುಳು ತಿಂದೆವು. ಶಂಶಾಬಾದ್ ದಾರಿಯಲ್ಲಿ ಅರಬರ ಅನ್ನದ ದೊಡ್ಡ ತಟ್ಟೆಗೆ ಇಬ್ಬರೇ ಕೂತು ಸೋತೆವು. ಕೊಂಡಾಪುರದಲ್ಲಿ ಜಪಾನಿನ ಹಸಿ ಮೀನು. ನನ್ನ ನಾಲಿಗೆಯ ಮೇಲೆ ಇನ್ನೊಂದು ತಣ್ಣನೆಯ ನಾಲಿಗೆ ಇಟ್ಟ ಹಾಗಾಯಿತು. ಒಂದು ಮೇಳದಲ್ಲಿ ಬಸ್ತರ್ ಕಡೆಯವರು ಮಾಡಿದ್ದ ಕೆಂಪು ಇರುವೆಯ ಚಟ್ನಿ ಹುಣಸೆ ಚಿಗುರಿನಷ್ಟು ಹುಳಿಯಾಗಿತ್ತು, ನಾನೇ ಎರಡನೇ ಸಲ ಹಾಕಿಸಿಕೊಂಡೆ. ಕೊಂಡಾಪುರದಲ್ಲೇ ಇದ್ದ ನಾಗಾಲ್ಯಾಂಡಿನವರ ಹೋಟೆಲಿನಲ್ಲಿ ಹುಳಿಬರಿಸಿದ ಸೋಯಾ ಕಾಳು ಒಣಗದ ಬಟ್ಟೆಯಂತೆ ನಾರುತ್ತಿತ್ತು. ಆದರೂ ಮೂರನೇ ತುತ್ತಿಗೆ ಬಟ್ಟಲನ್ನು ನನ್ನ ಕಡೆಗೆ ಎಳೆದುಕೊಂಡಿದ್ದೆ.

ಪ್ರತಿ ಸಲವೂ ಅವರು ಮೊದಲ ತುತ್ತು ನುಂಗಿ, ಚಮಚ ಕೆಳಗಿಟ್ಟು, ನನ್ನ ಮುಖ ನೋಡುತ್ತ ಕೂರುತ್ತಿದ್ದರು. “ಹೆಂಗೈತಿ?” ಎಂದು ಅವರು ನನ್ನನ್ನು ಕೇಳುತ್ತಿದ್ದರು. ನಾನು ಅವರನ್ನು ಕೇಳಿದ್ದು ನೆನಪಿಲ್ಲ.

“ಗೋದಿ ಹುಗ್ಗಿ ಮಾಡೂಣು,” ಎಂದರು ಅಕ್ಕ. “ಸಣ್ಣಾಂವ ಇದ್ದಾಗ ಬೋಗಾಣಿ ಬಿಟ್ಟು ಏಳ್ತಿದ್ದಿಲ್ಲ.”

ಹುಗ್ಗಿಗೆ ನಾನು ಬೇಡವೆನ್ನಲಿಲ್ಲ. ಆದರೆ ಬರೀ ಹುಗ್ಗಿ ಇಟ್ಟರೆ ಆ ಎಲೆ ಅಕ್ಕನ ತಮ್ಮನದಾಗುತ್ತಿತ್ತು. ನಾನು ಜೊತೆಗೆ ಬಾಳಿದ ಮನುಷ್ಯನಿಗೆ ಅದರಲ್ಲಿ ಏನೂ ಇರುತ್ತಿರಲಿಲ್ಲ. ತಿಂದದ್ದರಲ್ಲಿ ಯಾವುದನ್ನು ಆರಿಸಿದರೂ ಅವರು ಮತ್ತೆ ಕೇಳದೇ ಇದ್ದದ್ದನ್ನು ಇಟ್ಟಂತಾಗುತ್ತಿತ್ತು. ವರ್ಷದ ದಿನ ಮಧ್ಯಾಹ್ನ ಬಸ್ಸು ಹತ್ತಿ, ಕೊಂಡಾಪುರದ ಆ ನಾಗಾಲ್ಯಾಂಡ್ ಹೋಟೆಲಿಗೆ ಒಬ್ಬಳೇ ಹೋದೆ. ಬಸವನಹುಳುವಿನ ಸಾರು ಕಟ್ಟಿಕೊಡಲು ಹೇಳಿದೆ. ಅದನ್ನು ನಾವು ತಿಂದಿರಲಿಲ್ಲ.

ಹೋಟೆಲಿನ ಹುಡುಗಿ ನನ್ನ ಸೀರೆ ನೋಡಿ, “ಆಂಟಿ, ಘೋಂಘಾ ಹೈ. ಮಾಲೂಮ್ ಹೈ ನಾ?” ಎಂದಳು.

“ಮಾಲೂಮ್ ಹೈ,” ಎಂದೆ.

ಸಂಜೆ ಎಲೆಯ ಮೇಲೆ ಹುಗ್ಗಿಯ ಪಕ್ಕ ಕಪ್ಪು ಚಿಪ್ಪುಗಳನ್ನು ಕಂಡು ಅಕ್ಕ ಸೆರಗು ಬಾಯಿಗೆ ಹಿಡಿದರು.

“ಇದೇನ ತಂಗಿ? ಹೊಲದಾಗ ತುಳಕೊಂಡ್ ಹೋಗ್ತೀವಲ್ಲ, ಅದಾ? ಎಡಿಗೆ ಇದನ್ನ ಇಡ್ತಾರೇನು?”

“ಇಟ್ಟೀನ್ರಿ ಅಕ್ಕಾ.”

ಬಾಗಿಲು ಮುಂದೆ ಮಾಡಿ ಮೆಟ್ಟಿಲ ಹತ್ತಿರ ಕೂತೆವು. ಕೆಳಗೆ ಯಾರೋ ತೆಲುಗಿನಲ್ಲಿ ಆಟೋದವನ ಜೊತೆ ಜಗಳವಾಡುತ್ತಿದ್ದರು. ಜಗಳ ಮುಗಿದು ಆಟೋ ಹೋದ ಮೇಲೆ ಅಕ್ಕ, “ಇದು ಅವಗ ಭಾಳ ಸೇರ್ತಿತ್ತೇನು?” ಎಂದು ಕೇಳಿದರು.

“ಇಲ್ರಿ. ಇದೊಂದು ತಿಂದಿರಲಿಲ್ಲ.”

“ಹಂಗಾರ ಈಗ ತಿಂದಾನ ಬಿಡು,” ಎಂದು ಮೊಣಕಾಲು ಹಿಡಿದುಕೊಂಡು ಎದ್ದರು.

ಒಳಗೆ ಹೋಗಿ ಹಂಚಿಕೊಂಡೆವು. ನನಗೆ ಚಿಪ್ಪಿನಿಂದ ಮಾಂಸ ತೆಗೆಯಲು ಬರಲಿಲ್ಲ. ಅಕ್ಕ ಒಂದನ್ನು ತುಟಿಗಿಟ್ಟು, ಎಲುಬು ಚೀಪುವ ಹಾಗೆ ಜೋರಾಗಿ ಎಳೆದರು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು.

“ಹೆಂಗದಾವ್ರಿ?” ಎಂದು ಕೇಳಿದೆ.

“ಮಣ್ಣ ವಾಸನಿ ಬರತೈತಿ. ಇನ್ನೊಂದ್ ಹಾಕು.”

ಹುಗ್ಗಿಯ ಸಿಹಿಗೂ ಆ ಖಾರಕ್ಕೂ ಹೊಂದಿಕೆಯೇ ಇರಲಿಲ್ಲ. ಎರಡನ್ನೂ ಉಂಡು ಮುಗಿಸಿದೆವು.